ಸೂಜಿ ಹಾಕದ ಡಾಕ್ಟರು

ಸೊಲ್ಲಾಪುರ ರಸ್ತೆಯ ದವಾಖಾನೆಗೆ ಭಾಗಪ್ಪ ಬರೆಸಿದ್ದ ಬೋರ್ಡು ಪೂರ್ತಿಯಾಗಿ ಇದ್ದದ್ದು ಮೂರೇ ದಿನ. ಹೆಸರು, ಅದರ ಕೆಳಗೆ ಎಂ.ಬಿ.ಬಿ.ಎಸ್., ಅದರ ಕೆಳಗೆ ‘ಮಾನಸಿಕ ರೋಗಗಳ ತಜ್ಞರು’. ನಾಲ್ಕನೆಯ ದಿನ ಬೆಳಿಗ್ಗೆ ತಿಕೋಟಾದಿಂದ ಅವನ ಮಾವ ಶಿವಶರಣಪ್ಪ ಬಂದ. ಎದುರಿನ ಲಾರಿ ರಿಪೇರಿ ಅಂಗಡಿಯಿಂದ ಕಪ್ಪು ಬಣ್ಣದ ಡಬ್ಬಿ ತರಿಸಿದ. ತಾನೇ ಸ್ಟೂಲು ಹತ್ತಿ ಕೊನೆಯ ಸಾಲಿನ ಮೇಲೆ ಬಳಿದುಬಿಟ್ಟ.

“ಮಂದಿ ಬರೂದು ಜ್ವರಕ್ಕ, ವಾಂತಿಗೆ,” ಎಂದ, ಕೈ ಒರೆಸಿಕೊಳ್ಳುತ್ತ. “ಇಲ್ಲಿ ಹುಚ್ಚರು ಬರ್ತಾರಂತ ತಿಳದ್ರ ಅವ್ರೂ ಬರೂದಿಲ್ಲ. ನಿನ್ನ ಡಾಕ್ಟರ್ ಆಗ್ಲಿ ಅಂತ ಓದಿಸೇನಿ ಅಳ್ಯಾ. ಹುಚ್ಚರ ಕೂಡ ಕುಂಡ್ರಲಿ ಅಂತಲ್ಲ.”

ರಸ್ತೆಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಭಾಗಪ್ಪ ಸ್ಟೂಲನ್ನು ಒಳಗೆ ಎತ್ತಿಟ್ಟ. ಅದು 1960ನೆಯ ಇಸವಿ. ಅವನಿಗೆ ಇಪ್ಪತ್ತೊಂಬತ್ತು ವರ್ಷ. ಕಟ್ಟಡ ಮಾವನದು, ಕುರ್ಚಿ ಮಾವನದು, ಆ ಬೋರ್ಡಿನ ತಗಡೂ ಮಾವನದೇ.

ಭಾಗಪ್ಪ ಘೋಣಸಗಿಯವನು. ಅಪ್ಪನಿಗೆ ಕಲ್ಲುಹೊಲ ಬಿಟ್ಟರೆ ಬೇರೇನೂ ಇರಲಿಲ್ಲ. ಹುಡುಗ ಮ್ಯಾಟ್ರಿಕ್‌ನಲ್ಲಿ ಒಳ್ಳೆಯ ಅಂಕ ತೆಗೆದದ್ದನ್ನು ಕೇಳಿ, ಶೇಂಗಾ ಕೊಂಡು ಮಾರಿಸುವ ಅಡತಿ ಅಂಗಡಿಯ ಶಿವಶರಣಪ್ಪ ಒಂದು ದಿನ ಕುದುರೆಗಾಡಿ ಕಟ್ಟಿಕೊಂಡು ಘೋಣಸಗಿಗೆ ಹೋದ. ಹುಡುಗನನ್ನು ಪುಣೆಯಲ್ಲಿ ಓದಿಸುವುದು, ಓದು ಮುಗಿದ ಮೇಲೆ ಮಗಳು ಸಕ್ರವ್ವನನ್ನು ಕೊಡುವುದು ಎಂದು ಮಾತಾಯಿತು. ವಿಜಾಪುರದಲ್ಲಿ ದೊಡ್ಡ ದವಾಖಾನೆ, ಸಂಜೆಯವರೆಗೆ ಸಾಲುಹಚ್ಚಿದ ಜನ, ಆಮೇಲೆ ಮೇಲೊಂದು ಮಹಡಿ: ಶಿವಶರಣಪ್ಪನ ಮನಸ್ಸಿನಲ್ಲಿ ಎಲ್ಲವೂ ಆಗಲೇ ಕಟ್ಟಿ ಮುಗಿದಿತ್ತು.

ಆ ಲೆಕ್ಕ ಕೆಟ್ಟದ್ದು ಪುಣೆಯ ಆಸ್ಪತ್ರೆಯಲ್ಲಿ. ಓದು ಮುಗಿಸಿ ಅಲ್ಲೇ ಕೆಲಸ ಕಲಿಯುತ್ತಿದ್ದಾಗ ಒಬ್ಬ ನೇಕಾರನನ್ನು ಅವನ ತಮ್ಮಂದಿರು ಕಾಲಿಗೆ ಸರಪಳಿ ಹಾಕಿ ಎಳೆದು ತಂದರು. ಆಗಷ್ಟೇ ಹೊಸ ಗುಳಿಗೆಯೊಂದು ಬಂದಿತ್ತು. ಅದನ್ನು ಕೊಟ್ಟರು. ಆರನೆಯ ವಾರ ಆ ಮನುಷ್ಯ ಭಾಗಪ್ಪನನ್ನು ಹಾಸಿಗೆಯ ಹತ್ತಿರ ಕರೆದು, ತಾನು ಮಗ್ಗದ ಮೇಲೆ ಅರ್ಧಕ್ಕೆ ಬಿಟ್ಟುಬಂದ ಸೀರೆಯನ್ನು ಯಾರಾದರೂ ಮುಗಿಸಿದರೋ ಇಲ್ಲವೋ ಎಂದು ಕೇಳಿದ. ಭಾಗಪ್ಪನಿಗೆ ಶಸ್ತ್ರಚಿಕಿತ್ಸೆ ಕಲಿಯುವ ಆಸೆ ಅಲ್ಲಿಗೆ ಬಿಟ್ಟುಹೋಯಿತು. ಮಾವನಿಗೆ ತಿಳಿಸದೆ ಬೆಂಗಳೂರಿಗೆ ಹೋಗಿ ಎರಡು ವರ್ಷ ಮನೋರೋಗದ ಡಿಪ್ಲೊಮಾ ಓದಿದ.

ಅಲ್ಲಿ ಜೊತೆಗೆ ಓದಿದವರು ಎಚ್ಚರಿಕೆ ಕೊಟ್ಟಿದ್ದರು. ಈ ವಿದ್ಯೆಗೆ ಎರಡೇ ದಾರಿ: ಮುಂಬಯಿಯಂಥ ಊರಿನಲ್ಲಿ ಶ್ರೀಮಂತರಿಗೆ ಔಷಧಿ ಕೊಡುವುದು, ಇಲ್ಲವೆ ಸರಕಾರಿ ಹುಚ್ಚಾಸ್ಪತ್ರೆಯಲ್ಲಿ ಸಂಬಳಕ್ಕೆ ದುಡಿದು ಮುದುಕನಾಗುವುದು. ಜಿಲ್ಲಾ ಊರಿನಲ್ಲಿ ಸ್ವಂತ ದವಾಖಾನೆ ಹಾಕಿ ಬದುಕಿದವರನ್ನು ಯಾರೂ ಕಂಡಿರಲಿಲ್ಲ. ಭಾಗಪ್ಪನಿಗೆ ಆ ಎರಡರಲ್ಲಿ ಒಂದನ್ನು ಹಿಡಿಯುವ ಸ್ವಾತಂತ್ರ್ಯವೂ ಇರಲಿಲ್ಲ. ಕೊಟ್ಟ ಮಾತಿತ್ತು. ವಿಜಾಪುರಕ್ಕೇ ಬಂದು ಸಕ್ರವ್ವನನ್ನು ಮದುವೆಯಾದ.

ಬೋರ್ಡಿನ ಸಾಲು ಅಳಿಸಿದರೂ ಸುದ್ದಿ ಅಳಿಯಲಿಲ್ಲ. ಅವನ ಮೆಟ್ಟಿಲು ಹತ್ತಿದವರ ಕಡೆ ಬೀದಿಯ ಜನ ಬೆರಳು ಮಾಡುತ್ತಿದ್ದರು. ಬರುವವರು ಹಿಂದಿನ ಓಣಿಯಿಂದ ಬರುತ್ತಿದ್ದರು. ತಲೆನೋವು, ಹೊಟ್ಟೆನೋವು ಎಂದು ಶುರುಮಾಡಿ, ಅರ್ಧ ತಾಸಿನ ಮೇಲೆ, ಮಗಳು ಆರು ತಿಂಗಳಿಂದ ಯಾರ ಕೂಡವೂ ಮಾತಾಡಿಲ್ಲ ಎಂದು ಅಳುತ್ತಿದ್ದರು. ಹಾಗೆ ಬಂದವರಲ್ಲಿ ಕೆಲವರು ಗುಣವಾದರು. ಗುಣವಾದವರು ಮಾರುಕಟ್ಟೆಯಲ್ಲಿ ಅವನನ್ನು ಕಂಡರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದರು. ಬೇರೆ ಡಾಕ್ಟರುಗಳ ಹೆಸರನ್ನು ಅವರ ರೋಗಿಗಳು ಊರೂರಿಗೆ ಹೊತ್ತು ಸಾರುತ್ತಿದ್ದರು. ಭಾಗಪ್ಪನ ರೋಗಿಗಳಿಗೆ ಅವನ ಪರಿಚಯವೇ ಇರಲಿಲ್ಲ.

ಕಂಪೌಂಡರ್ ಬಾಬುಸಾಬನಿಗೆ ಅರವತ್ತು ದಾಟಿತ್ತು. ಮೊದಲು ಹೆಸರುವಾಸಿ ಡಾಕ್ಟರೊಬ್ಬರ ಬಳಿ ಕೆಲಸ ಮಾಡಿದವನು. ಒಂದು ದಿನ ತಡೆಯಲಾರದೆ ಅಂದ:

“ಡಾಕ್ಟರ್ ಸಾಹೇಬ್ರ, ನೀವು ಪೇಶಂಟನ್ನ ಅರ್ಧಾ ತಾಸ ಮಾತಾಡಸ್ತೀರಿ, ಒಂದು ಸೂಜಿನೂ ಹಾಕೂದಿಲ್ಲ. ಸೂಜಿಗೆ ರೊಕ್ಕಾ ಕೊಡ್ತಾರ್ರಿ, ಬಾಟ್ಲಿ ಔಷಧಕ್ಕೂ ಕೊಡ್ತಾರ. ಮಾತಿಗೆ ಯಾರ ಕೊಡ್ತಾರ್ರಿ? ಮಾತು ಮನ್ಯಾಗ ಪುಕಟ್ ಸಿಗ್ತಾವ.”

“ಮನ್ಯಾಗ ಸಿಗೂದಿಲ್ಲ ಬಾಬುಸಾಬ. ಅದಕ್ಕ ಇಲ್ಲಿಗೆ ಬರ್ತಾರ.”

“ಬಂದ್ರ ಸೂಜಿ ಹಾಕ್ರಿ. ಬರೇ ನೀರಾದ್ರೂ ಹಾಕ್ರಿ!”

ಭಾಗಪ್ಪ ಹಾಕಲಿಲ್ಲ. ಮನೆಯಲ್ಲಿ ಸಕ್ರವ್ವ ಮುಖ ಕೊಡುವುದನ್ನು ಬಿಟ್ಟಿದ್ದಳು. ನಳದ ಹತ್ತಿರ ಹೆಂಗಸರು ತನ್ನನ್ನು ‘ಹುಚ್ಚರ ಡಾಕ್ಟರನ ಹೇಣ್ತಿ’ ಎಂದು ಕರೆಯುತ್ತಾರೆಂದು ಅವಳಿಗೆ ಗೊತ್ತಿತ್ತು. “ನಿಮ್ಮ ಕೂಡ ಓದಿದವ್ರು ಬಂಗ್ಲೆ ಕಟ್ಟ್ಯಾರ. ನಮ್ಮ ಮನಿಗೆ ಸಕ್ರೀನೂ ಅಪ್ಪನ ಮನಿಯಿಂದ ಬರ್ತೈತಿ. ನಾಚಿಕಿ ಆಗೂದಿಲ್ಲೇನ್ರಿ?” ಎಂದು ತಟ್ಟೆ ಇಡುವಾಗ ಅನ್ನುತ್ತಿದ್ದಳು. ಎರಡು ವರ್ಷ ಹೀಗೇ ನಡೆಯಿತು.

1962ರ ಸುಗ್ಗಿಯ ಹೊತ್ತಿಗೆ ಶಿವಶರಣಪ್ಪ ಒಬ್ಬ ಹೆಂಗಸನ್ನು ಜೀಪಿನಲ್ಲಿ ಕೂಡಿಸಿಕೊಂಡು ದವಾಖಾನೆಗೆ ಬಂದ. ಅವಳು ಮುರಿಗೆವ್ವ, ಅವನ ತೀರಿಹೋದ ತಮ್ಮನ ಹೆಂಡತಿ. ಮಕ್ಕಳಿಲ್ಲ. ಬಬಲೇಶ್ವರದಲ್ಲಿ ತಮ್ಮನ ಪಾಲಿಗೆ ಬಂದಿದ್ದ ಇಪ್ಪತ್ತೆಂಟು ಎಕರೆ ಎರೆಭೂಮಿ ಹೊಸ ಕಾಯ್ದೆಯಂತೆ ಪೂರ್ತಿ ಅವಳದಾಗಿತ್ತು. ಅವಳೇ ಮುಂದೆ ನಿಂತು ಬಿತ್ತಿಸುತ್ತಿದ್ದಳು.

“ಇಕಿನ್ನ ನೋಡು,” ಎಂದ ಶಿವಶರಣಪ್ಪ. “ಸತ್ತ ಗಂಡನ ಕೂಡ ಹೊಲದಾಗ ಮಾತಾಡ್ತಾಳ. ಸಂತ್ಯಾಗ ನನಗ ಬಾಯಿಗೆ ಬಂದಂಗ ಬೈದಾಳ.”

ಭಾಗಪ್ಪ ಮಾವನನ್ನು ಹೊರಗೆ ಕೂಡಿಸಿದ. ಮುರಿಗೆವ್ವ ಗೋಡೆಯ ಕಡೆ ತಿರುಗಿ ಕೂತಳು. ಗೋಡೆಗೇ ಹೇಳುವಂತೆ, ಹೌದು, ಗಂಡನ ದನಿ ಕೇಳಿಸುತ್ತದೆ, ಕಿವಿಯಲ್ಲೇ ನಿಂತು ಮಾತಾಡಿದ ಹಾಗೆ, ಅದರಿಂದ ನಿದ್ದೆ ಇಲ್ಲ ಎಂದಳು. ಅವನು ಗುಳಿಗೆ ಕೊಟ್ಟ. ಹದಿನೈದು ದಿನಕ್ಕೊಮ್ಮೆ ಬಸ್ಸು ಹತ್ತಿ ತಾನೇ ಬಬಲೇಶ್ವರಕ್ಕೆ ಹೋದ. ಅಲ್ಲಿ ಕಣದಲ್ಲಿ ನಿಂತು ಅವಳು ಜೋಳ ಅಳೆಯಿಸುವುದನ್ನು ನೋಡಿದ. ಯಾವ ಆಳಿಗೆ ಎಷ್ಟು ಪಾಲು, ಕಾಳು ತುಂಬುವ ಯಾವ ಹಗೇವಿನಲ್ಲಿ ಎಷ್ಟು ಚೀಲ, ಎಲ್ಲ ಬಾಯಲ್ಲೇ ಇತ್ತು.

“ನಿಮ್ಮ ಮಾವ ಕಳಸ್ಯಾನಲ್ಲ?” ಎಂದು ಅವಳು ಪ್ರತಿಸಲ ಕೇಳುತ್ತಿದ್ದಳು. “ಹೊಲಾ ನೋಡಾಕ ಬಂದೀ, ನನ್ನ ನೋಡಾಕ ಅಲ್ಲ.”

“ನಿಮ್ಮನ್ನ ನೋಡಾಕ ಬಂದೇನ್ರಿ ಅತ್ತಿ.”

“ಸುಳ್ಳ ಹೇಳಬ್ಯಾಡ ಡಾಕ್ಟರ್ ಅಳ್ಯಾ.”

ಅವಳ ಅನುಮಾನ ಅರ್ಧ ನಿಜವಾಗಿತ್ತು. ಎರಡು ತಿಂಗಳ ಮೇಲೆ ಶಿವಶರಣಪ್ಪ ಮತ್ತೆ ಬಂದ. ಈ ಸಲ ಒಬ್ಬನೇ. ದವಾಖಾನೆಯ ಬಾಗಿಲು ಎಳೆದುಕೊಂಡು ಕೂತ. ಅವನ ದನಿ ಎಂದೂ ಇಲ್ಲದಷ್ಟು ಮೆತ್ತಗಿತ್ತು.

“ಅಳ್ಯಾ, ನಾ ನಿನ್ನ ವಿದ್ಯಾಕ್ಕ ಬೈದಿದ್ದು ತಪ್ಪಾತು. ವಕೀಲರ ಕೂಡ ಮಾತಾಡೇನಿ. ಮನಷ್ಯಾಗ ತಲಿ ಸರಿ ಇಲ್ಲಂತ ಕೋರ್ಟು ಹೇಳಿದ್ರ ಆಸ್ತಿ ನೋಡ್ಕೊಳ್ಳಾಕ ಸಂಬಂಧಿಕರನ್ನ ನೇಮಸ್ತಾರಂತ. ಅದಕ್ಕ ಡಾಕ್ಟರನ ಕಾಗದ ಬೇಕು. ಇಂಥಾವು ಜಿಲ್ಲಾದಾಗ ಎಷ್ಟ ಅದಾವ ಗೊತ್ತೈತೇನು? ವಿಧವಿಯರು, ದಾಯಾದಿ ಜಗಳ, ಮುದುಕರು. ಕಾಗದಾ ಬರಿಯಾವ ಒಬ್ಬಾನೂ ಇಲ್ಲ. ಸೂಜಿ ಚುಚ್ಚಿದ್ರ ಏನ ಬರ್ತೈತಿ? ಇದರಾಗ ಐತಿ ಗಳಿಕಿ. ಮುರಿಗೆವ್ವಂದರಿಂದ ಶುರು ಮಾಡು.”

ಬೆಂಗಳೂರಿನ ಗೆಳೆಯರು ಹೇಳದೆ ಬಿಟ್ಟ ಮೂರನೆಯ ದಾರಿ ಇದು. ಭಾಗಪ್ಪ ಮೇಜಿನ ಮೇಲಿದ್ದ ಪೆನ್ನನ್ನು ಮುಚ್ಚಿ ಜೇಬಿಗಿಟ್ಟ.

“ಅಕಿಗೆ ಬ್ಯಾನಿ ಐತ್ರಿ ಮಾವಾ. ಖರೆ. ಆದ್ರ ಹೊಲಾ ನಿಮಗಿಂತ ಛಲೋ ಮಾಡ್ತಾಳ. ನಾ ಬರ್ಯೂದಿಲ್ಲ.”

“ಬ್ಯಾನಿ ಐತಿ ಅಂತ ನೀನ ಅಂದಿ.”

“ಬ್ಯಾನಿ ಇದ್ದವ್ರಿಗೆ ಬುದ್ಧಿ ಇರೂದಿಲ್ಲಂತ ಅಂದಿಲ್ಲ.”

ಶಿವಶರಣಪ್ಪ ಎದ್ದ. “ನೀ ಉಣ್ಣೂ ಅನ್ನ ಯಾರ್ದು ಅಂತ ಒಂದ ಸಲ ನೆನಸ್ಕೋ,” ಎಂದು ಹೋದ.

ಅವನು ಬೇರೆ ಊರಿನ ಡಾಕ್ಟರೊಬ್ಬನಿಂದ ಕಾಗದ ಬರೆಸಿ ಅರ್ಜಿ ಹಾಕಿದ. ಚಿಕಿತ್ಸೆ ಮಾಡಿದವನೆಂದು ಕೋರ್ಟು ಭಾಗಪ್ಪನನ್ನೂ ಕರೆಯಿತು. ಸಾಕ್ಷಿಕಟ್ಟೆಯಲ್ಲಿ ಅವನು ನಿಂತಾಗ ಒಂದು ಬದಿಗೆ ಮಾವ, ಇನ್ನೊಂದು ಬದಿಗೆ ಸೆರಗು ಹೊದ್ದ ಮುರಿಗೆವ್ವ. ಇಬ್ಬರೂ ಅವನನ್ನೇ ನುಂಗುವಂತೆ ನೋಡುತ್ತಿದ್ದರು.

“ಇವರಿಗೆ ಸತ್ತವರ ದನಿ ಕೇಳಿಸುತ್ತದೆಯೋ ಇಲ್ಲವೋ?” ಎಂದು ಮಾವನ ವಕೀಲ ಕೇಳಿದ.

“ಕೇಳಿಸುತ್ತದೆ.”

“ಅದು ಮಾನಸಿಕ ರೋಗವೋ ಅಲ್ಲವೋ?”

“ರೋಗವೇ. ಆದರೆ ಅವರು ಆಸ್ತಿಯನ್ನು ತಾವೇ ಸರಿಯಾಗಿ ನೋಡಿಕೊಳ್ಳುತ್ತಾರೆ. ನಾನು ಕಣ್ಣಾರೆ ಕಂಡಿದ್ದೇನೆ.”

ನ್ಯಾಯಾಧೀಶರು ಮುರಿಗೆವ್ವನನ್ನೇ ಕೇಳಿದರು. ಹೊಲದ ನಾಲ್ಕು ಗಡಿಗಳ ಚಕ್ಕುಬಂದಿ, ಆ ವಾರದ ಜೋಳದ ಧಾರಣೆ, ಕಂದಾಯ ಕಟ್ಟಿದ ತಿಂಗಳು, ಎಲ್ಲವನ್ನೂ ಅವಳು ಸಿಟ್ಟಿನಿಂದಲೇ ಒಪ್ಪಿಸಿದಳು. ಗಂಡ ಮಾತಾಡುವುದು ನಿಜವೇ ಎಂದಾಗ, “ಮಾತಾಡ್ತಾನ್ರಿ. ಜೀಂವ ಇದ್ದಾಗ ಮಾತಾಡ್ಲಿಲ್ಲ, ಈಗ ಮಾತಾಡ್ತಾನ. ಅವಾ ಹೇಳಿದಂಗ ನಾ ಬಿತ್ತೂದಿಲ್ಲ, ಅವಂಗ ಒಕ್ಕಲತನ ಗೊತ್ತಿರಲಿಲ್ಲ,” ಎಂದಳು. ಕೋರ್ಟಿನಲ್ಲಿ ನಗು ಎದ್ದಿತು. ಅವಳು ನಗಲಿಲ್ಲ. ಮುಂದಿನ ತಾರೀಖಿಗೆ ಅರ್ಜಿ ವಜಾ ಆಯಿತು.

ಭಾಗಪ್ಪ ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದ. ಮುರಿಗೆವ್ವ ನೇರ ಅವನ ಹತ್ತಿರ ಬಂದಳು. ಒಂದು ಒಳ್ಳೆಯ ಮಾತು ಬರಬಹುದೆಂದು ಅವನು ಕಾದಿದ್ದನೆಂದೇ ತೋರುತ್ತದೆ.

“ನಾಕ ಮಂದಿ ಮುಂದ ನನಗ ರೋಗ ಐತಿ ಅಂದಿ,” ಎಂದಳು. “ಹೊಲಾ ನಂದಾತು, ನಿನ್ನಿಂದಲ್ಲ, ನನ್ನ ಬಾಯಿಂದ. ಇನ್ನ ಬಬಲೇಶ್ವರದಾಗ ಸಣ್ಣ ಕೂಸೂ ನನ್ನ ಹುಚ್ಚಿ ಅಂತೈತಿ. ನಿಮ್ಮ ಮಾವ ಹೊಲಾ ಕೇಳಿದ್ದ ಅಷ್ಟ. ನೀ ಮಾನಾ ತಗೊಂಡಿ.”

ಸುಳ್ಳು ಹೇಳಿದ್ದರೆ ಅವಳು ಕೃತಜ್ಞಳಾಗಿರುತ್ತಿದ್ದಳು. ಇನ್ನೊಂದು ಸುಳ್ಳು ಹೇಳಿದ್ದರೆ ಮಾವ ಕೃತಜ್ಞನಾಗಿರುತ್ತಿದ್ದ.

ಅಂದು ಸಂಜೆಯೊಳಗೆ ಅವನ ಪುಸ್ತಕ, ಔಷಧಿ ಡಬ್ಬಿ ಎಲ್ಲ ಸೊಲ್ಲಾಪುರ ರಸ್ತೆಯ ಧೂಳಿನಲ್ಲಿ ಬಿದ್ದಿದ್ದವು. ಬಾಗಿಲಿಗೆ ಹೊಸ ಕೀಲಿ. ಬಾಬುಸಾಬ ಗೊಣಗುತ್ತ, “ಸೂಜಿ ಹಾಕ್ರಿ ಅಂದ್ರ ಕೇಳ್ಲಿಲ್ಲ,” ಎನ್ನುತ್ತ, ಪುಸ್ತಕಗಳನ್ನು ಕೈಗಾಡಿಗೆ ತುಂಬಿಸಿ ತನ್ನ ಮನೆಗೆ ಒಯ್ದ. ಸಕ್ರವ್ವ ತಮ್ಮ ಪುಟ್ಟ ಮಗಳನ್ನು ಕರೆದುಕೊಂಡು ತಿಕೋಟಾಕ್ಕೆ, ತವರಿಗೆ ಹೋದಳು. ಹೋಗುವಾಗ ತಿರುಗಿ ನೋಡಲಿಲ್ಲ.

ಭಾಗಪ್ಪ ಸರಕಾರಿ ನೌಕರಿಗೆ ಅರ್ಜಿ ಹಾಕಿ, ಧಾರವಾಡದ ಮಾನಸಿಕ ಆಸ್ಪತ್ರೆಗೆ ಸೇರಿದ. ಜ್ವರದ ಡಾಕ್ಟರುಗಳಿಗೆ ಇದ್ದಷ್ಟೇ ಸಂಬಳ. ಅವರಿಗೆ ಹೊರಗಿನ ಗಳಿಕೆ ಇತ್ತು, ಇವನಿಗೆ ಇರಲಿಲ್ಲ. ಮೇಲಿನ ಹುದ್ದೆ ಒಂದೇ, ಅದರಲ್ಲಿ ಇದ್ದವರು ನಿವೃತ್ತರಾಗುವವರೆಗೆ ಕಾಯಬೇಕು. ಅವನು ಕಾಯುವ ಯೋಚನೆಯನ್ನೂ ಮಾಡಲಿಲ್ಲ.

ನಾಲ್ಕು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಸಕ್ರವ್ವ ಮಗಳ ಕೈ ಹಿಡಿದುಕೊಂಡು ಕ್ವಾರ್ಟರ್ಸಿನ ಬಾಗಿಲಲ್ಲಿ ನಿಂತಿದ್ದಳು. ಟ್ರಂಕನ್ನು ಒಳಗೆ ಎಳೆದು ಇಟ್ಟು, ಉಸಿರು ತಿರುಗಿದ ಮೇಲೆ ಹೇಳಿದಳು:

“ಚಿಗವ್ವನ ಕೋರ್ಟಿಗೆ ಎಳದಿದ್ದು ತಪ್ಪು ಅಂತ ಅಪ್ಪಗ ಒಂದ ಮಾತ ಅಂದೆ. ನಿನಗೂ ತಲಿ ಕೆಟ್ಟೈತಿ, ನಿನಗೂ ಒಂದ ಕಾಗದಾ ಬರಸ್ತೀನಿ ಅಂದ. ನಗಲಿಲ್ರಿ ಅವಾ. ಖರೇನ ಅಂದ.”

ಭಾಗಪ್ಪ ನೀರು ಕೊಟ್ಟ. “ನಿಮ್ಮ ಮ್ಯಾಲಿನ ಸಿಟ್ಟು ಹೋಗಿಲ್ಲ,” ಎಂದು ಅವಳು ನೀರು ಕುಡಿದಳು. ತವರಿನವರು ಆಮೇಲೆ ಅವರನ್ನು ಯಾವ ಮದುವೆಗೂ ಕರೆಯಲಿಲ್ಲ.

ತಿಂಗಳಿಗೊಂದು ರಜೆಯ ದಿನ ಅವನು ರೈಲು ಹತ್ತಿ ವಿಜಾಪುರಕ್ಕೆ ಬಂದು ಬಾಬುಸಾಬನ ಮನೆಯ ಪಡಸಾಲೆಯಲ್ಲಿ ಕೂರತೊಡಗಿದ. ಮೊದಲು ಇಬ್ಬರು ಬಂದರು. ಆಮೇಲೆ ಮಮದಾಪುರದಿಂದ ಕುರಿ ಕಾಯುವವನೊಬ್ಬ ತಾಯಿಯನ್ನು ಬೆನ್ನ ಮೇಲೆ ಹೊತ್ತು ತಂದ. ಬೋರ್ಡಿರಲಿಲ್ಲ. ಓಣಿಯ ಕೆಲವರು ಮನೆಗೆ ಕಲ್ಲು ಒಗೆದರು. ಬಾಬುಸಾಬನ ಹೆಂಡತಿ ಪೀರಾಂಬಿ ಹೊರಗೆ ಬಂದು ಅವರ ಮೂರು ತಲೆಮಾರನ್ನು ಜಾಲಾಡಿದಳು. ಕಲ್ಲು ನಿಂತವು.

1966ರಲ್ಲಿ ಬಬಲೇಶ್ವರದಿಂದ ಮುರಿಗೆವ್ವನ ಆಳು ಆ ಪಡಸಾಲೆಗೆ ಬಂದ. “ಗುಳಿಗಿ ಅಷ್ಟ ತಗೊಂಡ ಬಾ ಅಂದಾಳ್ರಿ. ನಿಮ್ಮ ಮಾರಿ ನೋಡೂದಿಲ್ಲಂತ.” ಮೂರು ವಾರದಿಂದ ಅವಳು ಮಲಗಿಲ್ಲ, ಉಂಡಿಲ್ಲ ಎಂದೂ ಹೇಳಿದ.

ನೋಡದೆ ಗುಳಿಗೆ ಕೊಡುವ ಹಾಗಿರಲಿಲ್ಲ. ಭಾಗಪ್ಪ ಆಳಿನ ಜೊತೆಗೇ ಬಸ್ಸು ಹತ್ತಿದ. ಮುರಿಗೆವ್ವ ಕದ ತೆಗೆಯಲಿಲ್ಲ. ಅವನು ಹೊರಗಿನ ಕಟ್ಟೆಯ ಮೇಲೆ ಬಿಸಿಲಿನಲ್ಲೇ ಕೂತು ಕದದ ಕಡೆ ಮುಖ ಮಾಡಿ ಕೇಳಿದ:

“ದನಿ ಏನಂತೈತ್ರಿ ಅತ್ತಿ?”

“ನಿನ್ನ ಒಳಗ ಬಿಡಬ್ಯಾಡ ಅಂತೈತಿ.”

“ಬ್ಯಾರೆ ಏನಂತೈತಿ?”

ಹೆಜ್ಜೆಗಳು ಒಳಗಿನಿಂದ ಕದದ ಹತ್ತಿರ ಬಂದವು. ಆಮೇಲೆ, “ಬಾವ್ಯಾಗ ಬೀಳು ಅಂತೈತಿ,” ಎಂದಳು, ಬೇರೆಯೇ ದನಿಯಲ್ಲಿ.

ವಿಜಾಪುರದ ಕೊನೆಯ ಬಸ್ಸು ಹೋಯಿತು. ಅವನು ಏಳಲಿಲ್ಲ. ಸೂರ್ಯ ಇಳಿಯುವ ಹೊತ್ತಿಗೆ ಕದ ಒಂದು ಗೇಣು ತೆರೆಯಿತು. ಅವಳು ಅವನ ಎದುರಿಗೇ ಗುಳಿಗೆ ನುಂಗಿ, “ಕೋರ್ಟಿನ್ಯಾಗಿಂದು ನಾ ಮರ್ತಿಲ್ಲ,” ಎಂದು ಕದ ಹಾಕಿಕೊಂಡಳು. ಆಳಿನ ಹೆಂಡತಿಗೆ ರಾತ್ರಿಯೆಲ್ಲ ಅವಳ ಹತ್ತಿರವೇ ಮಲಗಲು ಹೇಳಿ, ಬಾವಿಯ ಹಗ್ಗ ತೆಗೆಸಿ, ಮೇಲೆ ಹಲಗೆ ಮುಚ್ಚಿಸಿ, ಭಾಗಪ್ಪ ಅದೇ ಕಟ್ಟೆಯ ಮೇಲೆ ಕಂಬಳಿ ಹಾಸಿಕೊಂಡ.