ಕೊನೆ ಹೇಳದ ಡಿವಿಡಿ ಅಂಗಡಿಯವನು

ಸಿನಿಮಾ, ಸೀರಿಯಲ್ಲು ಎಲ್ಲವೂ ಡಿವಿಡಿಯಲ್ಲಿ ಬರುತ್ತಿದ್ದ ಕಾಲ. ಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದೆ ಅವನ್ನು ಬಾಡಿಗೆಗೆ ಕೊಡುತ್ತಿದ್ದವನು, ಪ್ರತಿ ಡಿಸ್ಕನ್ನೂ ಉಂಗುರದ ಹಾಗೆ ಬೆರಳಿಗೆ ಸಿಕ್ಕಿಸಿ, ಬೆಳಕಿಗೆ ಹಿಡಿದು ನೋಡಿಯೇ ಕೊಡುತ್ತಿದ್ದ. ಕೇಳಿದರೆ ಕಥೆಯನ್ನೂ ಹೇಳುತ್ತಿದ್ದ. “ಕೊನೆ ಮಾತ್ರ ಹೇಳಲ್ಲ ಮಾರಾಯ್ರೆ,” ಎನ್ನುತ್ತಿದ್ದ. ಅದು ಅವನ ಪ್ರಿನ್ಸಿಪಲ್.

ನನ್ನ ಅಕ್ಕನಿಗೆ ಮಂಗಳೂರಿನಲ್ಲಿ ಕಣ್ಣಿನ ಆಪರೇಷನ್ ನಿಗದಿಯಾಗಿತ್ತು. ಹೊರಡುವ ಹಿಂದಿನ ದಿನ, ನಾವಿಬ್ಬರೂ ನೋಡುತ್ತಿದ್ದ ಇಂಗ್ಲಿಷ್ ಪತ್ತೇದಾರಿ ಸೀರಿಯಲ್ಲಿನ ಕೊನೆಯ ಡಿಸ್ಕ್ ಅರ್ಧಕ್ಕೇ ನಿಂತುಬಿಟ್ಟಿತು.

“ಕೊಲೆ ಮಾಡಿದ್ದು ಯಾರು ಅಂತ ಗೊತ್ತಾಗದೆ ನಾನು ಹೊರಡೋದಿಲ್ಲ. ಆಮೇಲೆ ಕಣ್ಣೇ ಹೋದ್ರೆ?” ಎಂದು ಅಕ್ಕ ಹಟ ಹಿಡಿದಳು. ಅವಳ ಭಯಕ್ಕೊಂದು ಎಕ್ಸ್‌ಕ್ಯೂಸ್ ಸಿಕ್ಕಿತ್ತು, ಪಾಪ.

ಕೊನೆಗೆ ನಾನೇ ಹೋಗಿ, ಉಳಿದ ಕಥೆ ಹೇಳು ಎಂದು ಅಂಗಡಿಯವನನ್ನು ಗೋಗರೆದೆ. ಮಧ್ಯಾಹ್ನ ಅಂಗಡಿ ಮುಚ್ಚಿ ಮನೆಗೇ ಬಂದ. ಟಿವಿಯ ಮುಂದೆ ನಿಂತು ಡಾಕ್ಟರಾದ, ವಿಧವೆಯಾದ, ಇನ್‌ಸ್ಪೆಕ್ಟರಾದ. ಅಂಥ ಆ್ಯಕ್ಟಿಂಗ್ ನಾನು ಯಾವ ಸ್ಕ್ರೀನಿನಲ್ಲೂ ಕಂಡಿಲ್ಲ. ಕೈಯಲ್ಲಿದ್ದ ಕಾಫಿ ಆರಿದ್ದೇ ತಿಳಿಯಲಿಲ್ಲ. ಇನ್‌ಸ್ಪೆಕ್ಟರು ಕೊಲೆಗಾರನತ್ತ ಬೆರಳು ತೋರಿಸಬೇಕು, ಅಷ್ಟರಲ್ಲಿ ಎತ್ತಿದ ಕೈಯನ್ನು ಮೆಲ್ಲಗೆ ಇಳಿಸಿಬಿಟ್ಟ.

“ಉಳಿದದ್ದು ಕಣ್ಣು ಸರಿ ಮಾಡಿಸ್ಕೊಂಡು ಬಂದು ನೀವೇ ನೋಡಿ ಅಮ್ಮ. ಹೊಸ ಡಿಸ್ಕ್ ತರಿಸಿಡ್ತೀನಿ.”

“ರಾಸ್ಕಲ್,” ಎಂದಳು ಅಕ್ಕ. ಅವನು ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದ.

ಮರುದಿನ ಬೆಳಿಗ್ಗೆ ನಾನು ಸೀರೆಗೆ ಪಿನ್ ಹಾಕಿಕೊಳ್ಳುವಷ್ಟರಲ್ಲಿ, ಅಕ್ಕ ಕಾರಿನಲ್ಲಿ ಕೂತು ಡ್ರೈವರನ ಕೈಯಲ್ಲಿ ಹಾರ್ನ್ ಹೊಡೆಸುತ್ತಿದ್ದಳು.