ಬೋರಲು ಎರೆದ ಕಟ್ಟೆ

ನನ್ನ ಅಕ್ಕನ ಗಂಡ ಕಾಂಕ್ರೀಟಿನಲ್ಲಿ ಅಡುಗೆಮನೆಯ ಕಟ್ಟೆ ಮಾಡುತ್ತಾನೆ. ಭಾವನನ್ನು ಬಹುವಚನದಲ್ಲಿ ಬರೆಯಬೇಕು ಎಂಬುದು ನನಗೂ ಗೊತ್ತು. ಐದು ವರ್ಷ ಬಾಯ್ತುಂಬ ‘ಭಾವ, ಭಾವ’ ಎಂದು ಕರೆದು ಸಾಕಾಗಿದೆ. ಇಲ್ಲಿ ಏಕವಚನವೇ ಅವನಿಗೆ ಹೆಚ್ಚು.

ಕೆಲಸದಲ್ಲಿ ಅವನನ್ನು ಮೀರಿಸುವವರಿಲ್ಲ. ಇದನ್ನು ಹೇಳುವಾಗ ಹೊಟ್ಟೆ ಉರಿಯುತ್ತದೆ, ಆದರೂ ಹೇಳುತ್ತೇನೆ. ಸಿಮೆಂಟಿಗೆ ಬಣ್ಣದ ಪುಡಿ ಬೆರೆಸಿ, ಒಡೆದ ಗಾಜಿನ ಚೂರು ಕೂಡಿಸಿ, ದಿನಗಟ್ಟಲೆ ತಿಕ್ಕಿ ತಿಕ್ಕಿ ಅವನು ಹೊಳಪು ಬರಿಸಿದ ಕಟ್ಟೆಯ ಮುಂದೆ ಗ್ರಾನೈಟು ಸಪ್ಪೆ. ಜನ ಅವನನ್ನು ಪಾಲಿಶ್ ಮೇಸ್ತ್ರಿ ಎನ್ನುತ್ತಾರೆ. ನಾಲಿಗೆಗೆ ಮಾತ್ರ ಆ ಪಾಲಿಶ್ ಒಂದಿಷ್ಟೂ ತಾಗಿಲ್ಲ. ಮನೆಯಾಕೆ "ಸ್ವಲ್ಪ ಎತ್ತರ ಇರ್ಲಿ" ಎಂದರೆ "ಕಟ್ಟೆ ಮಾಡೋನು ನಾನು, ನೀವು ಅಡುಗೆ ನೋಡ್ಕೊಳ್ಳಿ" ಎನ್ನುವ ಆಸಾಮಿ.

ನಾನು ಬಡಗಿ. ಅವನಿಗೆ ಅಚ್ಚು ಮಾಡಿಕೊಡುವವನು. ಈ ಕಟ್ಟೆಯನ್ನು ಎರೆಯುವುದು ಬೋರಲಾಗಿ. ನುಣುಪು ಹಲಗೆಯ ಪೆಟ್ಟಿಗೆಯಂಥ ಅಚ್ಚು, ಅದರ ತಳದಲ್ಲಿ ಗಾಜಿನ ಚೂರು, ಮೇಲೆ ಕಾಂಕ್ರೀಟು. ವಾರ ಕಳೆದು ಅಚ್ಚು ಬಿಚ್ಚಿ ಮಗುಚಿದಾಗ ತಳದಲ್ಲಿದ್ದದ್ದು ಮೇಲಕ್ಕೆ ಬರುತ್ತದೆ, ಎಡಕ್ಕಿದ್ದದ್ದು ಬಲಕ್ಕೆ ಹೋಗುತ್ತದೆ. ಹಾಗಾಗಿ ಅಡುಗೆಮನೆಯಲ್ಲಿ ನಿಂತು ಕಂಡಂತೆ ಅವನು ನಕ್ಷೆ ಬರೆದು ಕೊಡುತ್ತಾನೆ, ನಾನು ಅದನ್ನು ತಿರುಗಿಸಿ ಅಚ್ಚು ಕಟ್ಟುತ್ತೇನೆ. ತಿರುಗಿಸುವುದು ನನ್ನ ಪಾಲಿನ ಕೆಲಸ. ಹನ್ನೊಂದು ವರ್ಷದಿಂದ ಹೀಗೇ ನಡೆದಿತ್ತು.

ಆರು ವರ್ಷದ ಹಿಂದೆ ಒಬ್ಬ ಡಾಕ್ಟರಮ್ಮನ ಮನೆಯಲ್ಲಿ ಕಟ್ಟೆ ಬಿರುಕು ಬಿಟ್ಟಿತು. ಕಾಂಕ್ರೀಟಿಗೆ ನೀರು ಹೆಚ್ಚು ಸುರಿದವನು ಅವನು. ನಾಲ್ಕು ಜನರ ಮುಂದೆ ಬೆರಳು ತೋರಿಸಿದ್ದು ನನ್ನ ಕಡೆಗೆ. "ಅಚ್ಚು ಸೋರಿದೆ. ಈ ಪುಣ್ಯಾತ್ಮನಿಗೆ ಪೆಟ್ಟಿಗೆ ಮಾಡು ಅಂದ್ರೆ ಜರಡಿ ಮಾಡಿ ಕೊಡ್ತಾನೆ!" ಎಲ್ಲರೂ ನಕ್ಕರು. ಅವತ್ತಿನಿಂದ ನಮ್ಮಿಬ್ಬರ ಮಾತು ಬಂದ್. ಕೆಲಸ ಮಾಡುವ ಷೆಡ್ಡು ಮಾತ್ರ ಒಂದೇ ಉಳಿಯಿತು. ನನ್ನಷ್ಟು ಬಿಗಿಯಾಗಿ ಮೂಲೆ ಕೂಡಿಸುವ ಬಡಗಿ ಅವನಿಗೆ ಸಿಗಲಿಲ್ಲ, ನನಗೂ ಬೇರೆ ಕೆಲಸ ಒಗ್ಗಲಿಲ್ಲ. ಹೇಳುವುದೇನಿದ್ದರೂ ಅಕ್ಕನ ಮೂಲಕ. "ನಿನ್ನ ತಮ್ಮನಿಗೆ ಹೇಳು, ಹಲಗೆ ಒದ್ದೆಯಾಗಿದೆ." "ನಿನ್ನ ಗಂಡನಿಗೆ ಹೇಳು, ನನಗೂ ಕಣ್ಣಿದೆ." ನಾವಿಬ್ಬರೂ ನಾಲ್ಕಡಿ ದೂರದಲ್ಲಿ ನಿಂತಿರುತ್ತಿದ್ದೆವು, ಮಧ್ಯೆ ಊಟದ ಡಬ್ಬಿ ಹಿಡಿದ ಅಕ್ಕ.

ಆ ಅಕ್ಕ ಅಡುಗೆ ಮಾಡುತ್ತಿದ್ದದ್ದು ಎರಡು ಡ್ರಮ್ಮುಗಳ ಮೇಲಿಟ್ಟ ಹಲಗೆಯ ಮೇಲೆ. ಊರವರಿಗೆಲ್ಲ ಕಟ್ಟೆ ಮಾಡಿಕೊಟ್ಟ ಮಹಾನುಭಾವ ಹೆಂಡತಿಗೆ "ಮುಂದಿನ ತಿಂಗಳು" ಎನ್ನುತ್ತಲೇ ಹನ್ನೊಂದು ವರ್ಷ ದೂಡಿದ. ಹಲಗೆ ತಗ್ಗು, ಅಕ್ಕ ಎತ್ತರ. ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡಿತು. ಒಂದು ದಿನ ಹಲಗೆ ಜಾರಿ ಕುದಿಯುವ ನೀರು ಕಾಲ ಮೇಲೆ ಬಿತ್ತು. ಬಂದವನೇ "ನೋಡ್ಕೊಂಡು ಇಡಬಾರ್ದಾ?" ಎಂದನಂತೆ. ಅಕ್ಕ ಸುಟ್ಟ ಪಾದದಲ್ಲೇ ಬ್ಯಾಗು ಹಿಡಿದು ನನ್ನ ಮನೆಗೆ ಬಂದಳು. "ಕಟ್ಟೆ ಕೂತ ದಿನ ವಾಪಸ್ ಹೋಗ್ತೀನಿ. ಇಲ್ಲದಿದ್ರೆ ಇಲ್ಲ" ಎಂದಳು. ನನಗೆ ಒಳಗೊಳಗೇ ಖುಷಿ. ಅವನಿಗೆ ಹೀಗೇ ಆಗಬೇಕಿತ್ತು. ಹೊತ್ತಿಗೆ ಸರಿಯಾಗಿ ನನಗೆ ಬಿಸಿ ಊಟವೂ ಸಿಗತೊಡಗಿತು.

ಮೂರನೇ ವಾರ ಅವನು ನನ್ನ ಮೇಜಿನ ಮೇಲೆ ಒಂದು ಕಾಗದ ಇಟ್ಟು ಹೋದ. ಅವರ ಅಡುಗೆಮನೆಯ ಕಟ್ಟೆಯ ನಕ್ಷೆ. ಬಿಡಿಸಿ ನೋಡಿದೆ. ಸಿಂಕು ಬಲಕ್ಕಿತ್ತು. ಆ ಅಡುಗೆಮನೆ ನಾನು ಕಾಣದ್ದೇ? ಕಿಟಕಿ, ನಲ್ಲಿ, ನೀರು ಹೋಗುವ ಪೈಪು ಎಲ್ಲವೂ ಎಡಕ್ಕೆ. ತನ್ನ ಮನೆಯ ಕೆಲಸ ತಪ್ಪಬಾರದೆಂದು ಈ ಸಲ ಅವನೇ ತಿರುಗಿಸಿ ಬರೆದಿದ್ದ. ನನಗೆ ಆ ಕ್ಷಣವೇ ಹೊಳೆಯಿತು. ‘ಇದು ತಿರುಗಿಸಿದ್ದಾ?’ ಎಂದು ಕೇಳಿದ್ದರೆ ಮುಗಿಯುತ್ತಿತ್ತು. ಅವನು ಅಲ್ಲೇ ಪಾಲಿಶ್ ಹೊಡೆಯುವ ಗ್ರೈಂಡರ್ ಒರೆಸುತ್ತ ಕೂತಿದ್ದ. ನಾನು ಯಾಕೆ ಮೊದಲು ಬಾಯಿ ಬಿಡಲಿ? ತಿರುಗಿಸುವುದು ನನ್ನ ಕೆಲಸ ತಾನೇ? ತಿರುಗಿಸಿದೆ.

ಎರಡು ಸಲ ತಿರುಗಿಸಿದ ಮೇಲೆ ಸಿಂಕು ತಪ್ಪು ಕಡೆಗೇ ಬರಬೇಕು. ಅವನಿಗೂ ಗೊತ್ತಾಗಬಹುದಿತ್ತು, ಆದರೆ ಅಚ್ಚಿನ ಮೇಲೆ ಬಗ್ಗಿದವನಿಗೆ ಗಾಜು ಬಿಟ್ಟು ಬೇರೇನೂ ಕಾಣಲಿಲ್ಲ. ಮೂರು ದಿನ ಹಸಿರು, ನೀಲಿ ಚೂರುಗಳನ್ನು ಚಿಮಟದಲ್ಲಿ ಒಂದೊಂದಾಗಿ ಅಂಟಿಸಿದ. ಮೇಜಿನ ಆಚೆ ಬದಿಯಲ್ಲಿ ನಿಂತಿದ್ದ. ಅಲ್ಲಿಂದ ನೋಡಿದರೆ ಎಡ ಬಲವಾಗಿ ಕಾಣುತ್ತದೆ, ಎಲ್ಲ ಸರಿಯಿದೆ ಎಂದೇ ಅನಿಸಿರಬೇಕು. ಒಂದು ಸಲ ತಲೆ ಎತ್ತಿ ನನ್ನ ಕಡೆ ನೋಡಿದ, ಏನೋ ಕೇಳುವವನ ಹಾಗೆ. ನಾನು ಗರಗಸ ಎಳೆಯತೊಡಗಿದೆ.

ಕಟ್ಟೆ ಕೂರಿಸುವ ದಿನ ಅಕ್ಕ ಬ್ಯಾಗು ಸಮೇತ ಬಂದಳು. ನಾಲ್ಕು ಆಳುಗಳು ಹೊತ್ತು ತಂದು, ಮಟ್ಟ ನೋಡಿ ಇಟ್ಟು ಹೋದರು. ಎತ್ತರ ಅಕ್ಕನಿಗೆ ಅಳತೆ ತೆಗೆದ ಹಾಗಿತ್ತು. ಕಿಟಕಿಯ ಬೆಳಕಿಗೆ ಗಾಜು ಹೊಳೆಯಿತು. ಸಿಂಕಿನ ತೂತು ಮಾತ್ರ ಸ್ಟೌವ್ ಇಡುವ ಜಾಗದಲ್ಲಿ ಬಾಯಿ ಬಿಟ್ಟುಕೊಂಡಿತ್ತು. ಹಿಂದುಮುಂದು ಮಾಡಿ ಇಡುವಂತೆಯೂ ಇಲ್ಲ, ದುಂಡಗೆ ಮಾಡಿದ ಅಂಚು ಒಂದೇ ಕಡೆಗಿತ್ತು.

"ನಿನ್ನ ತಮ್ಮನಿಗೆ ಹೇಳು," ಅವನು ತೂತಿನ ಅಂಚು ಸವರಿದ, "ಕಣ್ಣು ಎಲ್ಲಿಟ್ಟು ಬಂದಿದ್ದ ಅಂತ ಕೇಳು."

"ನಿನ್ನ ಗಂಡನಿಗೆ ಹೇಳು. ಅವನು ಕೊಟ್ಟ ಕಾಗದವನ್ನ ಯಾವತ್ತಿನ ಹಾಗೇ ತಿರುಗಿಸಿದ್ದೀನಿ."

"ನಾನೇ ತಿರುಗಿಸಿ ಬರೆದಿದ್ದೆ ಅನ್ನು!"

ಅಕ್ಕ ಯಾರಿಗೂ ಏನೂ ಹೇಳಲಿಲ್ಲ. ನನ್ನ ಮುಂದೆ ಬಂದು ನಿಂತಳು.

"ನಿಂಗೆ ಗೊತ್ತಾಗ್ಲಿಲ್ವಾ? ಈ ನಲ್ಲೀಲಿ ಎಷ್ಟು ಸಲ ಕೈ ತೊಳೆದಿದ್ದೀಯ ನೀನು."

ಅಕ್ಕನ ಹತ್ತಿರ ಸುಳ್ಳು ಹೇಳಿ ಅಭ್ಯಾಸವಿಲ್ಲ. "ಗೊತ್ತಾಯ್ತು" ಎಂದೆ.

"ಕೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ಅವನೇ ಹೇಳಬಹುದಿತ್ತಲ್ಲ."

"ಹೇಳಬೇಕಿತ್ತು. ಅವರು ಮಾಡಿದ್ದು ತಪ್ಪು ಕಣೋ. ನೀನು ಮಾಡಿದ್ದು ಬೇಕಂತ."

ಅವಳು ಬ್ಯಾಗನ್ನು ಹೊಸ ಕಟ್ಟೆಯ ಮೇಲಿಟ್ಟು ಅವನ ಕಡೆ ತಿರುಗಿದಳು. "ನೀವೇನು ಸಾಚಾ ಅಂದ್ಕೋಬೇಡಿ. ಹನ್ನೊಂದು ವರ್ಷ ಬೇಕಾಯ್ತು ನಿಮಗೆ. ನಾಳೆ ಪ್ಲಂಬರ್ ಕರೆಸಿ, ಪೈಪು ಈ ಕಡೆ ಎಳೆಸಿ. ಸ್ಟೌವ್ ಕಿಟಕಿ ಹತ್ರ ಇರ್ಲಿ." ಅವನು ತಲೆಯಾಡಿಸಿದ. ಯಾರ ಮಾತಿಗಾದರೂ ಅವನು ತಲೆಯಾಡಿಸಿದ್ದನ್ನು ನಾನು ಇದುವರೆಗೆ ಕಂಡಿರಲಿಲ್ಲ.

"ನನ್ನ ಉಳಿದ ಬಟ್ಟೆ ಇವರು ಬಂದು ತಗೊಂಡು ಹೋಗ್ತಾರೆ," ಎಂದಳು ನನಗೆ. "ನೀನು ತರಬೇಡ."

ನಾನು ಸುತ್ತಿಗೆ, ಮಟ್ಟಗೋಲು ಚೀಲಕ್ಕೆ ಹಾಕಿಕೊಂಡೆ. ಅವನು ಒಂದು ಬೈದಿದ್ದರೆ ನಾಲ್ಕು ಬೈಯಲು ಸಿದ್ಧನಿದ್ದೆ. ಅವನು ನನ್ನ ಹಿಂದೆಯೇ ಬಾಗಿಲವರೆಗೆ ಬಂದ. ಆರು ವರ್ಷದ ಮೇಲೆ ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದ.

"ಹೋಗು" ಎಂದ.

ಅಕ್ಕ ಒಳಗೇ ಇದ್ದಳು. ಅವಳಿಗೆ ಕೇಳಿಸಿತ್ತು. ಹೋಗಬೇಡ ಎನ್ನಲಿಲ್ಲ.