ಬೀಗದವನ ಪಕ್ಷ

ಗುಮಾಸ್ತರು ತಮ್ಮ ಹೆಂಡತಿಯ ತಮ್ಮನ ಪಕ್ಷದ ಸಭೆಗೆ ಹೋದದ್ದೇ ನಗಲಿಕ್ಕೆ. ಹಲ್ಲು ಕಿಸಿಯುವಷ್ಟರಲ್ಲಿ ಪ್ಲಾಸ್ಟಿಕ್ ಕುರ್ಚಿಯ ಕಾಲು ಮುರಿದು ಧೊಪ್ಪೆಂದು ನೆಲ ಸೇರಿದರು. ಬಂದಿದ್ದವರೇ ನಾಲ್ಕಾರು ಮಂದಿ. ಅವರಲ್ಲಿ ಒಬ್ಬರೂ ನಗಲಿಲ್ಲ.

"ಏಳಿ ಭಾವ, ಮುರಿದ ಕುರ್ಚಿ ಯಾರದ್ದೂ ಅಲ್ಲ," ಎಂದ ಭಾವಮೈದುನ.

ಅದು ಸಮಾಧಾನವೋ ಸಿದ್ಧಾಂತವೋ ತಿಳಿಯದೆ ಗುಮಾಸ್ತರು ಸೊಂಟ ನೀವಿಕೊಂಡರು.

ಭಾವಮೈದುನನದು ಬೀಗ ರಿಪೇರಿ ಅಂಗಡಿ. ಅಂಗಡಿ ಅನ್ನುವುದು ಮರ್ಯಾದೆಯ ಮಾತು. ಎರಡು ಕಟ್ಟಡಗಳ ಸಂದಿಗೆ ತಗಡು ಹೊದಿಸಿದ್ದ, ಅಷ್ಟೆ. ಊರಿನ ಅರ್ಧ ಬಾಗಿಲುಗಳಿಗೆ ಕೀ ಮಾಡಿಕೊಟ್ಟವನು. ಒಮ್ಮೆ ಕೋರ್ಟಿನವರು ಕರೆದರೆಂದು ಹೋಗಿ ಒಂದು ಮನೆಗೆ ಹೊಸ ಬೀಗ ಜಡಿದು ಬಂದ. ಒಳಗಿದ್ದವರು ಎದುರಿನ ಫುಟ್‌ಪಾತಿಗೆ ಬಂದರು. ಮನೆ ಮಾತ್ರ ಖಾಲಿಯೇ ಉಳಿಯಿತು. ಅದನ್ನು ಕಂಡು ಬಂದವನು ಪಕ್ಷ ಕಟ್ಟಿದ. ಒಂದು ವರ್ಷ ಬಳಸದೆ ಬಿಟ್ಟದ್ದು ಬಳಸುವವರ ಪಾಲು: ಇಷ್ಟೇ ಪ್ರಣಾಳಿಕೆ. ಚುನಾವಣೆಯಲ್ಲಿ ಸ್ವಂತ ಅಕ್ಕನೂ ವೋಟು ಹಾಕಲಿಲ್ಲ.

"ಲೋ, ಠೇವಣಿ ಹೋಯ್ತಂತಲ್ಲ!"

"ಬಳಸೋರ ಹತ್ರ ಹೋಯ್ತು ಬಿಡಿ ಭಾವ."

ಸೋತ ಮೇಲೆ ಪಕ್ಷ ಭಾಷಣ ನಿಲ್ಲಿಸಿತು. ಭಾಷಣ ಮಾಡುತ್ತಲೇ ಇದ್ದಿದ್ದರೆ ಚೆನ್ನಾಗಿತ್ತು. ಮುಚ್ಚಿದ ಬಾಗಿಲುಗಳ ಬೀಗಕ್ಕೆ ಅವರು ಬಿಳಿ ನೂಲು ಸುತ್ತಿ ಹೋಗತೊಡಗಿದರು. ವರ್ಷ ಕಳೆದರೂ ನೂಲು ಹರಿಯದಿದ್ದರೆ ಆ ಬಾಗಿಲಿಗೆ ಒಡೆಯನಿಲ್ಲ ಎಂದು ಲೆಕ್ಕ. ಮೊದಲು ಎಂದೋ ಮುಚ್ಚಿದ್ದ ಪ್ರೆಸ್ಸಿನಲ್ಲಿ ದೀಪ ಕಂಡಿತು. ಆಮೇಲೆ ಹಲ್ಲಿನ ಡಾಕ್ಟರರ ಹಳೇ ಕ್ಲಿನಿಕ್ಕಿನಿಂದ ಈರುಳ್ಳಿ ಹುರಿಯುವ ವಾಸನೆ. ಎಲ್ಲೂ ಬೀಗ ಒಡೆದಿರಲಿಲ್ಲ. ಬೀದಿ ನಗುವುದನ್ನು ಬಿಟ್ಟಿತು.

ಗುಮಾಸ್ತರ ಮನೆಯ ಮಹಡಿಯಲ್ಲಿ ಒಂದು ಕೋಣೆ. ಅದಕ್ಕೆ ಹೊರಗಿನಿಂದಲೇ ಮೆಟ್ಟಿಲು. ಅವರ ತಂದೆ ಕೊನೆಯುಸಿರೆಳೆದದ್ದು ಅಲ್ಲೇ. ಮಂಚ, ಕನ್ನಡಕ, ಅರ್ಧ ಉಳಿದ ಔಷಧಿ ಬಾಟಲಿ, ಎಲ್ಲ ಇದ್ದ ಹಾಗೇ. ಒಳಗೆ ಕಾಲಿಡಲು ಧೈರ್ಯ ಬರಲಿಲ್ಲ, ಬಾಡಿಗೆಗೆ ಕೊಡಲು ಮನಸ್ಸು ಬರಲಿಲ್ಲ. ಒಂದು ಬೆಳಿಗ್ಗೆ ಹತ್ತಿ ನೋಡಿದರು. ಬೀಗಕ್ಕೆ ನೂಲು. ಬಿಳಿಯದಲ್ಲ, ವರ್ಷದ ಧೂಳು ಕುಡಿದು ಕಂದಾಗಿತ್ತು.

ಬರಿಗಾಲಲ್ಲೇ ಅಂಗಡಿಗೆ ಓಡಿದರು.

"ಅದು ನಮ್ಮಪ್ಪನ ಕೋಣೆ ಕಣೋ!"

"ಗೊತ್ತು ಭಾವ. ದೊಡ್ಡವರು ನನ್ನನ್ನೂ ಮಗನ ಹಾಗೇ ನೋಡ್ಕೊಂಡ್ರು."

"ಮತ್ತೆ? ನೀನು ಆ ಬಾಗಿಲು ತೆಗೆಯಲ್ಲ ತಾನೆ?"

ಭಾವಮೈದುನ ಕೈಯಲ್ಲಿದ್ದ ಕೀ ಮೇಲಿನ ಹಿತ್ತಾಳೆ ಪುಡಿ ಊದಿದ.

"ನಾನ್ಯಾಕೆ ತೆಗೀಲಿ ಭಾವ? ಅದರ ಕೀ ಆಗಲೇ ಬಳಸೋರ ಹತ್ರ ಇದೆ."